ಶೊಸ್ತಕೋವಿಚ್ ಹಾಡುಗಳನ್ನು ತಾರೀಖು ಹಿಡಿದು ಕೇಳುವುದು ಹೇಗೆ

ಸೋವಿಯತ್ ರಷ್ಯಾದ ಸಂಗೀತ ಸಂಯೋಜಕ ದ್ಮಿತ್ರಿ ಶೊಸ್ತಕೋವಿಚ್ (1906–1975) ಎಂದರೆ ಬಹಳ ಜನರಿಗೆ ನೆನಪಾಗುವುದು ದೊಡ್ಡ ವಾದ್ಯವೃಂದಕ್ಕೆ ಬರೆದ ಸಿಂಫನಿಗಳು. ಮಾತಿಲ್ಲದ ಆ ಸಂಗೀತದಲ್ಲಿ ಅವರು ಏನನ್ನು ಅಡಗಿಸಿಟ್ಟಿದ್ದರು ಎಂಬ ವಾದ ದಶಕಗಳಿಂದ ನಡೆದೇ ಇದೆ. ನನಗೆ ಆ ವಾದಕ್ಕಿಂತ ಅವರ ಹಾಡುಗಳು ಮುಖ್ಯ. ಹಾಡಿನಲ್ಲಿ ಮಾತಿದೆ, ಆ ಮಾತಿಗೊಬ್ಬ ಕವಿಯಿದ್ದಾನೆ, ಸಂಯೋಜಕರು ಆ ಕವಿತೆಯನ್ನು ಕೈಗೆತ್ತಿಕೊಂಡ ಒಂದು ತಿಂಗಳಿದೆ, ಅದನ್ನು ಹಾಡಲು ಒಪ್ಪಿದವರೂ ಹಿಂದೆ ಸರಿದವರೂ ಇದ್ದಾರೆ. ಇವೆಲ್ಲ ಹುಡುಕಿದರೆ ಸಿಗುವ ಸಂಗತಿಗಳು. ಆದ್ದರಿಂದ ಈ ಸಂಯೋಜಕರನ್ನು ಮತ್ತೆ ತೂಗಿ ನೋಡಬೇಕೆನ್ನುವವರು ಹಾಡುಗಳಿಂದ ಆರಂಭಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನ ನಮ್ಮ ಮನೆಯಲ್ಲಿ ಭಾನುವಾರದ ಸಂಜೆ ಕೆಲವರು ಸೇರುತ್ತೇವೆ. ರಷ್ಯನ್ ಭಾಷೆ ಕಲಿಸಿ ನಿವೃತ್ತಳಾದವಳು ನಾನು. ಕವಿತೆಯನ್ನು ಸಾಲುಸಾಲಾಗಿ ಓದಿ ಅರ್ಥ ಹೇಳುತ್ತೇನೆ, ಆಮೇಲೆ ಎಲ್ಲರೂ ಕೇಳುತ್ತೇವೆ. ಹೊಸದಾಗಿ ಬಂದವರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "ಮೇಡಂ, ಕೊನೆಗೂ ಇವರು ಸ್ಟಾಲಿನ್ ಪರವೋ, ವಿರುದ್ಧವೋ?" ಆ ಪ್ರಶ್ನೆಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬನ್ನಿ ಎನ್ನುತ್ತೇನೆ. ಉತ್ತರವನ್ನು ಮೊದಲೇ ಇಟ್ಟುಕೊಂಡು ಕೇಳಲು ಕುಳಿತರೆ ಎಂಥ ಹಾಡೂ ಆ ಉತ್ತರಕ್ಕೆ ತಲೆಯಾಡಿಸುತ್ತದೆ. ನಾವು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೂರು ತಾರೀಖು

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿಯೊಂದು ಕೃತಿಗೂ ಒಂದು ಪುಟ. ಪುಟದ ಮೇಲ್ಭಾಗದಲ್ಲಿ ಮೂರು ತಾರೀಖುಗಳನ್ನು ಬರೆಯಿರಿ: ಕವಿತೆ ಯಾವಾಗಿನದು, ಸಂಗೀತ ಯಾವಾಗಿನದು, ಜನ ಮೊದಲು ಕೇಳಿದ್ದು ಯಾವಾಗ. ನಮಗೆ ಇದು ಹೊಸದೇನಲ್ಲ. ಬಸವಣ್ಣನವರ ವಚನ 12ನೇ ಶತಮಾನದ್ದು, ಅದನ್ನು ಹಿಂದೂಸ್ತಾನಿ ರಾಗಕ್ಕೆ ಅಳವಡಿಸಿ ಕಛೇರಿಯಲ್ಲಿ ಹಾಡಿದ್ದು 20ನೇ ಶತಮಾನದಲ್ಲಿ, ನಾವು ಕೇಳುತ್ತಿರುವುದು ಇವತ್ತು. ಮೂರು ಕಾಲಗಳೂ ಒಂದೇ ಹಾಡಿನಲ್ಲಿ ಮಾತನಾಡುತ್ತವೆ. ಶೊಸ್ತಕೋವಿಚ್ ವಿಷಯದಲ್ಲಿ ವ್ಯತ್ಯಾಸವೆಂದರೆ, ಎರಡನೆಯ ಮತ್ತು ಮೂರನೆಯ ತಾರೀಖುಗಳ ನಡುವೆ ಜನ ಕಾಣೆಯಾಗಿರುತ್ತಾರೆ.

ಒಂದು ಸಣ್ಣ ಹಾಡಿನಿಂದ ಅಭ್ಯಾಸ ಮಾಡಿ. ಷೇಕ್ಸ್‌ಪಿಯರ್‌ನ 66ನೇ ಸಾನೆಟ್ 1609ರಲ್ಲಿ ಅಚ್ಚಾಯಿತು. ಅಧಿಕಾರವು ಕಲೆಯ ಬಾಯಿ ಕಟ್ಟಿರುವುದನ್ನು ನೋಡಿ ನೋಡಿ ಬದುಕೇ ಸಾಕಾಗಿದೆ ಎಂಬ ಕವಿತೆ ಅದು. ರಷ್ಯನ್ ಕವಿ ಬೊರಿಸ್ ಪಸ್ತರ್ನಾಕ್ ಅದನ್ನು 1940ರ ಸುಮಾರಿಗೆ ರಷ್ಯನ್‌ಗೆ ತಂದರು. ಶೊಸ್ತಕೋವಿಚ್ ಅದಕ್ಕೆ ಸ್ವರ ಹಾಕಿದ್ದು 1942ರಲ್ಲಿ, ಯುದ್ಧದ ನಡುವೆ, ಬಾಸ್ ಕಂಠ (ಗಂಡಸರ ಅತಿ ತಗ್ಗು ಕಂಠ) ಮತ್ತು ಪಿಯಾನೋಗಾಗಿ ಬರೆದ ಆರು ಹಾಡುಗಳ ಗುಚ್ಛದಲ್ಲಿ. ಆ ವರ್ಷ ಬ್ರಿಟನ್ ಸೋವಿಯತ್ ಒಕ್ಕೂಟದ ಮಿತ್ರರಾಷ್ಟ್ರ. ಬ್ರಿಟಿಷ್ ಕವಿಗಳನ್ನು ಹಾಡಲು ಯಾರ ಅಡ್ಡಿಯೂ ಇರಲಿಲ್ಲ. ಐದು ವರ್ಷ ಹಿಂದೆ ಅಥವಾ ಆರು ವರ್ಷ ಮುಂದೆ ಇದೇ ಕವಿತೆಯನ್ನು ಆರಿಸಿಕೊಂಡಿದ್ದರೆ ಅದು ಬೇರೆಯೇ ಕೆಲಸವಾಗುತ್ತಿತ್ತು. ಗುಚ್ಛದ ಪ್ರತಿಯೊಂದು ಹಾಡನ್ನೂ ಒಬ್ಬೊಬ್ಬ ಆಪ್ತರಿಗೆ ಅರ್ಪಿಸಿದ್ದಾರೆ. ಈ ಸಾನೆಟ್ ಗೆಳೆಯ ಇವಾನ್ ಸೊಲರ್ತಿನ್‌ಸ್ಕಿಗೆ. ಅರ್ಪಣೆಯ ಹೆಸರನ್ನೂ ಪುಟದಲ್ಲಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

1948ರ ಒಂದು ಗುಚ್ಛವನ್ನು ಬಿಡಿಸಿ ನೋಡುವುದು

ಈ ಕ್ರಮದ ಪೂರ್ಣ ಪ್ರಯೋಜನ ಕಾಣಬೇಕಾದರೆ 'ಯಹೂದಿ ಜನಪದ ಕಾವ್ಯದಿಂದ' ಎಂಬ ಗುಚ್ಛವನ್ನು ತೆಗೆದುಕೊಳ್ಳಬೇಕು. ಸೊಪ್ರಾನೊ, ಕಾಂಟ್ರಾಲ್ಟೊ (ಹೆಂಗಸರ ಏರು ಮತ್ತು ತಗ್ಗು ಕಂಠಗಳು), ಟೆನರ್ (ಗಂಡಸರ ಏರು ಕಂಠ) ಮತ್ತು ಪಿಯಾನೋಗಾಗಿ ಬರೆದ ಹನ್ನೊಂದು ಹಾಡುಗಳು, ಒಟ್ಟು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಕೇಳುವ ಮೊದಲು ಕವಿತೆಗಳನ್ನು ಓದಿ. ರಷ್ಯನ್ ಗೊತ್ತಿಲ್ಲದವರು ಇಂಗ್ಲಿಷ್ ಅನುವಾದವನ್ನು ಎದುರಿಗಿಟ್ಟುಕೊಳ್ಳಲಿ, ಆದರೆ ಓದದೆ ಕೇಳುವುದು ಬೇಡ.

ಮೊದಲ ಹಾಡು ಸತ್ತ ಮಗುವಿನ ಶೋಕಗೀತೆ. ಇಬ್ಬರು ಹೆಂಗಸರು ಪ್ರಶ್ನೋತ್ತರದಲ್ಲಿ ಹಾಡುತ್ತಾರೆ: ಏನು ಹುಟ್ಟಿತು, ಗಂಡು, ಹೆಸರೇನು, ಮೊಯ್ಶೆಲೆ, ಎಲ್ಲಿ ತೂಗಿದರು, ಏನು ತಿನ್ನಿಸಿದರು, ಎಲ್ಲಿ ಹೂತರು. ತಿನ್ನಿಸಿದ್ದು ರೊಟ್ಟಿ ಮತ್ತು ಈರುಳ್ಳಿ. ಇನ್ನೊಂದರಲ್ಲಿ ಚಿಂದಿ ಆಯುವ ಮುದುಕ ಎಲೆಯ ಮಗಳು ಪೊಲೀಸ್ ಅಧಿಕಾರಿಯ ಜೊತೆ ಹೊರಟುಹೋಗುತ್ತಾಳೆ. ಅಪ್ಪ ಅಂಗಲಾಚುತ್ತಾನೆ, ಮಗಳು ಅವನನ್ನು ಆಚೆ ತಳ್ಳಿಸುತ್ತಾಳೆ. ಜೋಗುಳದಲ್ಲಿ ತಾಯಿ ಮಗನಿಗೆ ಹೇಳುವುದು, ನಿನ್ನ ಅಪ್ಪ ಸರಪಳಿಯಲ್ಲಿ ಸೈಬೀರಿಯಾದಲ್ಲಿದ್ದಾನೆ, ಜಾರ್ ಅವನನ್ನು ಸೆರೆಯಲ್ಲಿಟ್ಟಿದ್ದಾನೆ ಎಂದು. ಎಂಟನೆಯ ಹಾಡಿನ ತನಕ ಹಸಿವು, ಚಳಿ, ಅಗಲಿಕೆ. ಒಂಬತ್ತರಿಂದ ದೃಶ್ಯ ಬದಲಾಗುತ್ತದೆ: ಸಾಮೂಹಿಕ ಕೃಷಿಕ್ಷೇತ್ರದ ಒಳ್ಳೆಯ ಬದುಕು, ಕೊಳಲೂದುವ ಹುಡುಗಿ, ಕೊನೆಗೆ ಗಂಡನ ಕೈಹಿಡಿದು ನಾಟಕ ನೋಡಲು ಹೋಗಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತ ಚಪ್ಪಲಿ ಹೊಲಿಯುವವನ ಹೆಂಡತಿ. ನಮ್ಮ ಗಂಡುಮಕ್ಕಳು ವೈದ್ಯರಾಗಿದ್ದಾರೆ ಎಂದು ಆಕೆ ಇಡೀ ದೇಶಕ್ಕೆ ಕೇಳುವಂತೆ ಹಾಡುತ್ತಾಳೆ.

ಈಗ ತಾರೀಖುಗಳು. ಈ ಪದ್ಯಗಳ ಸಂಗ್ರಹ ಮಾಸ್ಕೋದಲ್ಲಿ ಸರ್ಕಾರಿ ಪ್ರಕಾಶನದಿಂದಲೇ 1947ರಲ್ಲಿ ಬಂದಿತ್ತು. 1948ರ ಜನವರಿ 13ರ ಮುಂಜಾವಿಗೆ ಮುನ್ನ ಮಿನ್‌ಸ್ಕ್ ನಗರದಲ್ಲಿ ಯಹೂದಿಗಳ ಯಿದ್ದಿಷ್ ಭಾಷೆಯ ರಂಗಭೂಮಿಯ ಮಹಾನಟ ಸೊಲೊಮನ್ ಮಿಖೊಯೆಲ್ಸ್ ಅವರನ್ನು ರಹಸ್ಯ ಪೊಲೀಸರು ಕೊಂದು, ವಾಹನ ಅಪಘಾತವೆಂದು ತೋರಿಸಿದರು. ಮಿಖೊಯೆಲ್ಸ್ ಅವರ ಅಳಿಯ ಮೊಯಿಸೆಯ್ ವೈನ್‌ಬರ್ಗ್ ಸ್ವತಃ ಸಂಯೋಜಕ, ಶೊಸ್ತಕೋವಿಚ್ ಅವರ ಆಪ್ತ. ಫೆಬ್ರವರಿ 10ರಂದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಸಂಗೀತದ ಬಗ್ಗೆ ನಿರ್ಣಯ ಹೊರಡಿಸಿತು. ಶೊಸ್ತಕೋವಿಚ್, ಪ್ರೊಕೊಫಿಯೆವ್ ಮೊದಲಾದವರು ಜನರಿಂದ ದೂರವಾದ ರೂಪವಾದಿಗಳು ಎಂದಾಯಿತು. ಹಲವು ಕೃತಿಗಳ ಪ್ರದರ್ಶನ ನಿಂತಿತು. ಜನಪದಕ್ಕೆ ಹತ್ತಿರವಾದ, ಎಲ್ಲರೂ ಗುನುಗಬಲ್ಲ ಸಂಗೀತ ಬರೆಯಿರಿ ಎಂಬುದು ಆದೇಶ. ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟ ಇಸ್ರೇಲನ್ನು ಮಾನ್ಯ ಮಾಡಿತು. ಆಗಸ್ಟ್‌ನಲ್ಲಿ ಶೊಸ್ತಕೋವಿಚ್ ಮೊದಲ ಎಂಟು ಹಾಡುಗಳನ್ನು ಬರೆದರು. ಶರತ್ಕಾಲದಲ್ಲಿ ಮಾಸ್ಕೋ ಮತ್ತು ಲೆನಿನ್‌ಗ್ರಾಡ್ ಸಂಗೀತ ವಿದ್ಯಾಲಯಗಳ ಕೆಲಸ ಕಳೆದುಕೊಂಡರು. ಅಕ್ಟೋಬರ್‌ನಲ್ಲಿ ಕೊನೆಯ ಮೂರು ಹಾಡುಗಳನ್ನು ಸೇರಿಸಿದರು. ನವೆಂಬರ್ 20ರಂದು ಯಹೂದಿ ಫ್ಯಾಸಿಸ್ಟ್ ವಿರೋಧಿ ಸಮಿತಿಯನ್ನು ವಿಸರ್ಜಿಸಲಾಯಿತು, ಬಂಧನಗಳು ಶುರುವಾದವು. 1949ರ ಜನವರಿ ಕೊನೆಯಲ್ಲಿ ಪಕ್ಷದ 'ಪ್ರಾವ್ದಾ' ಪತ್ರಿಕೆಯ ಲೇಖನದೊಂದಿಗೆ 'ಬೇರಿಲ್ಲದ ವಿಶ್ವಪ್ರಜೆ'ಗಳ (ಮುಖ್ಯವಾಗಿ ಯಹೂದಿಗಳಿಗೆ ಇಟ್ಟ ಅಡ್ಡಹೆಸರು) ಮೇಲಿನ ದಾಳಿ ಬಹಿರಂಗವಾಯಿತು. ಜನಪದ ಪದ್ಯಗಳನ್ನು ಸಂಗ್ರಹಿಸಿದವರಲ್ಲಿ ಒಬ್ಬರಾದ ಯೆಖೆಜ್ಕೆಲ್ ದೊಬ್ರುಶಿನ್ 1949ರಲ್ಲಿ ಬಂಧಿತರಾಗಿ 1953ರಲ್ಲಿ ಸೆರೆ ಶಿಬಿರದಲ್ಲಿ ತೀರಿಕೊಂಡರು. ಹಾಡುಗಳು ಜನರ ಮುಂದೆ ಬಂದದ್ದು ಸ್ಟಾಲಿನ್ ಸತ್ತ ಮೇಲೆ, 1955ರ ಜನವರಿ 15ರಂದು, ಲೆನಿನ್‌ಗ್ರಾಡ್‌ನಲ್ಲಿ.

ಇಲ್ಲಿ ವಿದ್ವಾಂಸರು ಎರಡು ಗುಂಪಾಗಿದ್ದಾರೆ. ಯಹೂದಿ ದ್ವೇಷ ತಾಂಡವವಾಡುತ್ತಿದ್ದಾಗ ಯಹೂದಿ ಹಾಡುಗಳನ್ನು ಬರೆದದ್ದು ನೇರ ಪ್ರತಿಭಟನೆ ಎನ್ನುವವರು ಒಂದು ಕಡೆ. ಅಮೆರಿಕದ ಸಂಗೀತ ಇತಿಹಾಸಕಾರ್ತಿ ಲಾರೆಲ್ ಫೇ ಇನ್ನೊಂದು ಕಡೆ: ಆಗಸ್ಟ್‌ನಲ್ಲಿ ಬಹಿರಂಗ ಅಭಿಯಾನ ಇನ್ನೂ ಶುರುವಾಗಿರಲಿಲ್ಲ, ಜನಪದಕ್ಕೆ ತಿರುಗಿ ಎಂದು ಪಕ್ಷ ಹೇಳಿತ್ತು, ಅವರು ತಿರುಗಿದರು, ಆರಿಸಿಕೊಂಡ ಜನಪದ ಆ ವರ್ಷಕ್ಕೆ ತಪ್ಪಾದದ್ದು ಎಂಬುದು ಆಮೇಲೆ ತಿಳಿಯಿತು. ಮೇಲಿನ ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡವರಿಗೆ ಫೇ ಅವರ ವಾದವನ್ನು ತಳ್ಳಿಹಾಕಲು ಆಗುವುದಿಲ್ಲ. ನಾನೂ ತಳ್ಳಿಹಾಕುವುದಿಲ್ಲ. ಆದರೆ ಮಿಖೊಯೆಲ್ಸ್ ಸತ್ತದ್ದು ಜನವರಿಯಲ್ಲಿ. ಆ ಮನೆಗೆ ಶೊಸ್ತಕೋವಿಚ್ ಹೋಗಿದ್ದರು. ಆಗಸ್ಟ್‌ನಲ್ಲಿ ಸತ್ತ ಮಗುವಿನ ಶೋಕಗೀತೆಯಿಂದ ಆರಂಭಿಸಿದ ಮನುಷ್ಯ ಆದೇಶ ಪಾಲನೆಯೊಂದನ್ನೇ ಮಾಡುತ್ತಿದ್ದ ಎಂದು ನನ್ನ ಕಿವಿ ಒಪ್ಪುವುದಿಲ್ಲ. ಆದೇಶವೂ ದುಃಖವೂ ಒಂದೇ ಮೇಜಿನ ಮೇಲೆ ಇದ್ದವು. ಮುಂದಿನ ಆರು ವರ್ಷ ಹಾಡುಗಳಲ್ಲಿ ಒಂದು ಸ್ವರವೂ ಬದಲಾಗಲಿಲ್ಲ. ಅವುಗಳ ಸುತ್ತಲಿನ ವರ್ಷ ಬದಲಾಯಿತು.

ಕೊನೆಯ ಹಾಡಿನ ವೈದ್ಯರ ಸಾಲನ್ನೇ ನೋಡಿ. 1948ರಲ್ಲಿ ಅದು ಸೋವಿಯತ್ ಬದುಕಿನ ಹೊಗಳಿಕೆ. 1953ರ ಜನವರಿ 13ರಂದು ಕ್ರೆಮ್ಲಿನ್ ವೈದ್ಯರು ನಾಯಕರನ್ನು ಕೊಲ್ಲಲು ಸಂಚು ಮಾಡಿದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹೆಸರಿಸಿದ ವೈದ್ಯರಲ್ಲಿ ಹೆಚ್ಚಿನವರು ಯಹೂದಿಗಳು. ಮುಂದಿನ ತಿಂಗಳು ವೈನ್‌ಬರ್ಗ್ ಬಂಧನವಾಯಿತು, ಗೆಳೆಯನ ಪರವಾಗಿ ಶೊಸ್ತಕೋವಿಚ್ ಸರ್ಕಾರದ ಪ್ರಮುಖ ನಾಯಕ ಬೇರಿಯಾಗೆ ಪತ್ರ ಬರೆದರು. ಮಾರ್ಚ್ 5ರಂದು ಸ್ಟಾಲಿನ್ ಸತ್ತ, ಸಂಚಿನ ಕಥೆ ಬಿದ್ದುಹೋಯಿತು, ವೈನ್‌ಬರ್ಗ್ ಹೊರಬಂದರು. 1955ರ ಸಭಿಕರು ಆ ಸಾಲನ್ನು ಕೇಳಿದ್ದು ಇಷ್ಟೆಲ್ಲ ಆದ ಮೇಲೆ. ಅವರಿಗೆ ಕೇಳಿಸಿದ ಅರ್ಥವನ್ನು 1948ರ ಸಂಯೋಜಕರ ತಲೆಗೆ ಕಟ್ಟಬೇಡಿ. ಹಾಗೆಂದು ಅದನ್ನು ಅಳಿಸಲೂ ಬೇಡಿ. ಪುಟದಲ್ಲಿ ಎರಡು ಕಾಲಂ ಮಾಡಿ, ಒಂದರಲ್ಲಿ 'ಬರೆದಾಗ', ಇನ್ನೊಂದರಲ್ಲಿ 'ಕೇಳಿದಾಗ' ಎಂದು ಬರೆದು, ಸಾಲಿನ ಅರ್ಥವನ್ನು ಎರಡರಲ್ಲೂ ಬೇರೆಬೇರೆಯಾಗಿ ತುಂಬಿಸಿ. ನಮ್ಮ ಭಾನುವಾರದ ಕೂಟದಲ್ಲಿ ಅತ್ಯಂತ ಬಿಸಿ ಚರ್ಚೆ ನಡೆಯುವುದು ಈ ಎರಡು ಕಾಲಂಗಳ ನಡುವಿನ ಗೆರೆಯ ಮೇಲೆ.

ಇದಾದ ಮೇಲೆ ಹಾಡುಗಳನ್ನು ಕೇಳಿ. ಮೊದಲ ಪ್ರದರ್ಶನದ ಗಾಯಕರಾದ ನೀನಾ ದೊರ್ಲಿಯಾಕ್, ಜಾರಾ ದೊಲುಖಾನೊವಾ, ಅಲೆಕ್ಸೆಯ್ ಮಸ್ಲೆನ್ನಿಕೊವ್ ಅವರೇ ಹಾಡಿ, ಶೊಸ್ತಕೋವಿಚ್ ಪಿಯಾನೋ ನುಡಿಸಿರುವ ಧ್ವನಿಮುದ್ರಣ ಸಿಗುತ್ತದೆ. ಸದ್ದು ಸ್ವಲ್ಪ ಹಳೆಯದು, ಅದಕ್ಕೆ ಬೇಸರಪಡಬೇಡಿ. ಆಮೇಲೆ ಅವರೇ ವಾದ್ಯವೃಂದಕ್ಕೆ ಅಳವಡಿಸಿದ ರೂಪ ಕೇಳಬಹುದು; ನನಗೆ ಪಿಯಾನೋ ರೂಪವೇ ಹೆಚ್ಚು ಇಷ್ಟ. ಅದರಲ್ಲಿ ಕೋಣೆಯ ಬಾಗಿಲು ಮುಚ್ಚಿಕೊಂಡಿದೆ.

ಅದೇ ಕಾಲದ ಹೊಗಳಿಕೆಯ ಹಾಡನ್ನೂ ಕೇಳಬೇಕು

ಬಹಳ ಜನ ಈ ಹಂತವನ್ನು ಬಿಟ್ಟುಬಿಡುತ್ತಾರೆ. ಗುಚ್ಛ ಮುಗಿದ ಮರುವರ್ಷ, 1949ರಲ್ಲಿ, ಅವರು 'ಕಾಡುಗಳ ಹಾಡು' ಎಂಬ ಓರಟೋರಿಯೊ ಬರೆದರು. ಯೆವ್ಗೆನಿ ದೊಲ್ಮತೊವ್‌ಸ್ಕಿಯ ಸಾಹಿತ್ಯ, ಗಾಯಕರು, ಹುಡುಗರ ವೃಂದ, ದೊಡ್ಡ ವೃಂದಗಾನ, ವಾದ್ಯವೃಂದ. 1946ರ ಬರ ಮತ್ತು ಅದರ ಬೆನ್ನಿಗೆ ಬಂದ ಕ್ಷಾಮದ ನಂತರ ಹುಲ್ಲುಗಾವಲ ಪ್ರದೇಶದಲ್ಲಿ ಮರಗಳ ಪಟ್ಟಿಗಳನ್ನು ಬೆಳೆಸುವ ಯೋಜನೆಯನ್ನು ಸ್ಟಾಲಿನ್ 1948ರ ಅಕ್ಟೋಬರ್‌ನಲ್ಲಿ ಘೋಷಿಸಿದ್ದ. ಓರಟೋರಿಯೊ ಅದರ ಸ್ತುತಿ, 'ಮಹಾ ತೋಟಗಾರ'ನ ಸ್ತುತಿ. 1949ರ ನವೆಂಬರ್ 15ರಂದು ಲೆನಿನ್‌ಗ್ರಾಡ್‌ನಲ್ಲಿ ವಾದ್ಯವೃಂದ ನಿರ್ದೇಶಕ ಯೆವ್ಗೆನಿ ಮ್ರಾವಿನ್‌ಸ್ಕಿ ಮೊದಲ ಬಾರಿಗೆ ನಡೆಸಿಕೊಟ್ಟರು. ಮರುವರ್ಷ ಸ್ಟಾಲಿನ್ ಬಹುಮಾನ ಬಂತು.

ಎರಡು ಕೃತಿಗಳ ನಡುವೆ ಒಂದು ಫೋನ್ ಕರೆಯಿದೆ. 1949ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಶಾಂತಿ ಸಮ್ಮೇಳನಕ್ಕೆ ಶೊಸ್ತಕೋವಿಚ್ ಹೋಗಬೇಕೆಂದು ಸ್ಟಾಲಿನ್ ಸ್ವತಃ ಫೋನ್ ಮಾಡಿದ. ನನ್ನ ಕೃತಿಗಳನ್ನು ಇಲ್ಲೇ ನುಡಿಸುತ್ತಿಲ್ಲ, ಅಲ್ಲಿ ಕೇಳಿದರೆ ಏನು ಹೇಳಲಿ ಎಂದು ಇವರು ಕೇಳಿದರು. ಮಾರ್ಚ್ 16ರಂದು ನಿಷೇಧದ ಆದೇಶ ರದ್ದಾಯಿತು. ಅವರು ನ್ಯೂಯಾರ್ಕ್‌ಗೆ ಹೋಗಿ, ಬೇರೆಯವರು ಬರೆದುಕೊಟ್ಟ ಭಾಷಣಕ್ಕೆ ನಿಂತರು. ಯಹೂದಿ ಗುಚ್ಛ ಮಾತ್ರ ಒಳಗೇ ಉಳಿಯಿತು.

'ಕಾಡುಗಳ ಹಾಡ'ನ್ನು ಹೊಟ್ಟೆಪಾಡಿನ ಬರಹ ಎಂದು ಸರಿಸಿಬಿಡುವುದು ರೂಢಿ. ದಯವಿಟ್ಟು ಹಾಗೆ ಮಾಡಬೇಡಿ, ಪೂರ್ತಿ ಕೇಳಿ. ಹುಡುಗರು ಗಿಡ ನೆಡುವ ಭಾಗದಲ್ಲಿ ನಿಜವಾದ ಹುರುಪಿದೆ. ಬರದಲ್ಲಿ ಬೆಂದ ನೆಲಕ್ಕೆ ಮರ ಬೇಕಿತ್ತು ಎನ್ನುವುದು ಸುಳ್ಳಲ್ಲವಲ್ಲ. ಕೊನೆಯ ಜಯಘೋಷ ಮಾತ್ರ ನನಗೆ ಭಾರವಾಗುತ್ತದೆ. ದೊಡ್ಡದಾಗಿದೆ, ಅಂಥ ದೊಡ್ಡದಕ್ಕೆ ಬೇಕಾದಷ್ಟು ಸಂಗೀತ ಅದರಲ್ಲಿಲ್ಲ. ಇದು ನನ್ನ ತೀರ್ಪು. ನೀವು ನಿಮ್ಮದನ್ನು ಬರೆದುಕೊಳ್ಳಿ, ಆದರೆ ಯಹೂದಿ ಗುಚ್ಛ ಕೇಳಿದ ಸಂಜೆಯೇ ಇದನ್ನೂ ಕೇಳಿ. ಎರಡನ್ನೂ ಬರೆದ ಕೈ ಒಂದೇ ಎನ್ನುವುದು ಓದಿ ತಿಳಿಯುವಂಥದ್ದಲ್ಲ.

ಯಾವ ಧ್ವನಿಮುದ್ರಣ ಎಂಬುದನ್ನೂ ನೋಡಿ. ಸ್ಟಾಲಿನ್ ನಂತರದ ವರ್ಷಗಳಲ್ಲಿ ಸಾಹಿತ್ಯದಿಂದ ಅವನ ಹೆಸರನ್ನು ತೆಗೆದುಹಾಕಿದರು. ತಿದ್ದಿದ ರೂಪವನ್ನು ಕೇಳಿ, ಅಷ್ಟೇನೂ ಹೊಗಳಿಲ್ಲ ಬಿಡಿ ಎಂದುಕೊಂಡರೆ 1949 ನಿಮ್ಮ ಕೈ ತಪ್ಪಿತು ಎಂದರ್ಥ.

ಹಾಡು ಇನ್ನೆಲ್ಲಿ ಕೇಳಿಸುತ್ತದೆ

ಶೊಸ್ತಕೋವಿಚ್ ತಮ್ಮ ಹಾಡುಗಳ ತುಣುಕುಗಳನ್ನು ಬೇರೆ ಕೃತಿಗಳಲ್ಲಿ ಮತ್ತೆ ಬಳಸುತ್ತಾರೆ. ಇದನ್ನು ಹುಡುಕುವುದು ಕಷ್ಟವಲ್ಲ, ರುಚಿಕರ ಕೆಲಸ. ಎರಡು ಜಾಗಗಳಿಂದ ಆರಂಭಿಸಬಹುದು.

1936ರ ಜನವರಿ 28ರಂದು 'ಪ್ರಾವ್ದಾ' ಅವರ 'ಮ್ತ್ಸೆನ್‌ಸ್ಕ್‌ನ ಲೇಡಿ ಮ್ಯಾಕ್‌ಬೆತ್' ಆಪೆರಾವನ್ನು ಸಂಗೀತವಲ್ಲದ ಗೊಂದಲ ಎಂದು ಜರೆಯಿತು. ಎರಡು ದಿನ ಹಿಂದೆ ಸ್ಟಾಲಿನ್ ಅದನ್ನು ನೋಡಿದ್ದ. ಆ ವರ್ಷ ಅವರು ಪುಷ್ಕಿನ್ ಕವಿತೆಗಳಿಗೆ ಸ್ವರ ಹಾಕತೊಡಗಿದರು. ಪುಷ್ಕಿನ್ ತೀರಿಕೊಂಡು ನೂರು ವರ್ಷವಾಗುವ 1937 ಹತ್ತಿರವಿತ್ತು, ಇಡೀ ದೇಶ ಅದನ್ನು ಆಚರಿಸಲು ಸಿದ್ಧವಾಗುತ್ತಿತ್ತು; ಪುಷ್ಕಿನ್ ಆಯ್ಕೆ ಯಾರ ಹುಬ್ಬನ್ನೂ ಏರಿಸುವಂಥದ್ದಲ್ಲ. ನಾಲ್ಕು ಹಾಡುಗಳಲ್ಲಿ ಮೊದಲನೆಯದು 'ಪುನರ್ಜನ್ಮ', ಎರಡು ನಿಮಿಷ ಚಿಲ್ಲರೆ. ಒರಟು ಕಲಾವಿದನೊಬ್ಬ ಮಹಾಪ್ರತಿಭೆಯ ಚಿತ್ರದ ಮೇಲೆ ಕಪ್ಪು ಬಳಿಯುತ್ತಾನೆ; ವರ್ಷಗಳು ಕಳೆದಂತೆ ಅವನ ಬಣ್ಣ ಹಕ್ಕಳೆಯಾಗಿ ಉದುರುತ್ತದೆ, ಮೊದಲಿನ ಚಿತ್ರ ಮತ್ತೆ ಕಾಣುತ್ತದೆ. ಹಾಡು ಶುರುವಾಗುವ ನಾಲ್ಕು ಸ್ವರಗಳೇ ಐದನೆಯ ಸಿಂಫನಿಯ ಕೊನೆಯ ಭಾಗದ ಆರಂಭದಲ್ಲಿ ಹಿತ್ತಾಳೆ ವಾದ್ಯಗಳಲ್ಲಿ ಅಬ್ಬರಿಸುತ್ತವೆ. ಅದೇ ಭಾಗದ ಮಧ್ಯದ ಶಾಂತ ಜಾಗದಲ್ಲಿ ಹಾಡಿನ ಪಿಯಾನೋ ಪಕ್ಕವಾದ್ಯ ವಯಲಿನ್‌ಗಳಲ್ಲಿ, ಆಮೇಲೆ ಹಾರ್ಪ್‌ನಲ್ಲಿ ಬರುತ್ತದೆ. ಮೊದಲು ಹಾಡನ್ನು ಕಿವಿಗೆ ಚೆನ್ನಾಗಿ ಹಿಡಿಸಿಕೊಂಡು ಆಮೇಲೆ ಸಿಂಫನಿಗೆ ಹೋಗಿ.

ಮತ್ತೆ ತಾರೀಖು ನೋಡಿ. ಸಿಂಫನಿಯ ಮೊದಲ ಪ್ರದರ್ಶನ 1937ರ ನವೆಂಬರ್ 21. ಹಾಡುಗಳು ವೇದಿಕೆಗೆ ಬಂದದ್ದು 1940ರಲ್ಲಿ. ಅಂದರೆ ಆ ನವೆಂಬರ್ ರಾತ್ರಿ ಎದ್ದುನಿಂತು ಚಪ್ಪಾಳೆ ತಟ್ಟಿದ ಸಭಿಕರಿಗೆ ಹಾಡು ಗೊತ್ತಿರುವ ಸಾಧ್ಯತೆಯೇ ಇಲ್ಲ. ಸಭೆಗೆ ಕಳುಹಿಸಿದ ಗುಪ್ತ ಸಂದೇಶ ಎಂದು ಇದನ್ನು ಕರೆಯುವವರು ಈ ಮೂರು ವರ್ಷಗಳ ಅಂತರಕ್ಕೆ ಉತ್ತರ ಕೊಡಬೇಕು. ನನಗೆ ಅನ್ನಿಸುವುದು, ಅವರು ಅದನ್ನು ತಮಗಾಗಿ ಬರೆದುಕೊಂಡರು.

ಎರಡನೆಯದು 1942ರ ಆ ಬ್ರಿಟಿಷ್ ಗುಚ್ಛದಲ್ಲೇ ಇದೆ. ರಾಬರ್ಟ್ ಬರ್ನ್ಸ್‌ನ ಮ್ಯಾಕ್‌ಫರ್ಸನ್ ಎಂಬ ದರೋಡೆಕೋರ ಕುಣಿಯುತ್ತ ಗಲ್ಲಿಗೇರುತ್ತಾನೆ. ಇಪ್ಪತ್ತು ವರ್ಷಗಳ ನಂತರ, ಹದಿಮೂರನೆಯ ಸಿಂಫನಿಯ 'ಹಾಸ್ಯ' ಎಂಬ ಭಾಗದಲ್ಲಿ, ಹಾಸ್ಯವನ್ನೇ ಶೂಲಕ್ಕೇರಿಸಲು ಎಳೆದೊಯ್ಯುವಾಗ ಅದೇ ರಾಗ ವಾದ್ಯವೃಂದದಲ್ಲಿ ಕುಣಿಯುತ್ತದೆ. ಮ್ಯಾಕ್‌ಫರ್ಸನ್ ಹಾಡು ಗೆಳೆಯ ಇಸಾಕ್ ಗ್ಲಿಕ್ಮನ್ ಅವರಿಗೆ ಅರ್ಪಿತ. ಅವರ ಹೆಸರು ಇನ್ನೊಮ್ಮೆ ಬರಲಿದೆ.

ತಿದ್ದಿದ ಸಾಲುಗಳು

ಹದಿಮೂರನೆಯ ಸಿಂಫನಿ ಹೆಸರಿಗೆ ಸಿಂಫನಿ, ಸ್ವಭಾವದಲ್ಲಿ ಹಾಡುಗಳೇ: ಒಬ್ಬ ಬಾಸ್ ಗಾಯಕ, ಬಾಸ್ ಕಂಠಗಳ ವೃಂದ, ಯೆವ್ಗೆನಿ ಯೆವ್ತುಶೆಂಕೊ ಅವರ ಐದು ಕವಿತೆಗಳು, ಒಂದು ಗಂಟೆ. ಮೊದಲ ಕವಿತೆ 'ಬಾಬಿ ಯಾರ್'. ಕೀವ್ ನಗರದ ಆ ಕಂದರದಲ್ಲಿ 1941ರ ಸೆಪ್ಟೆಂಬರ್ 29 ಮತ್ತು 30ರಂದು ನಾಜಿಗಳು 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಇದು ಕೊಂದವರದೇ ಲೆಕ್ಕ. ಅಲ್ಲಿ ಸ್ಮಾರಕವಿಲ್ಲ ಎಂದು ಆರಂಭವಾಗುವ ಕವಿತೆ 1961ರ ಸೆಪ್ಟೆಂಬರ್‌ನಲ್ಲಿ 'ಲಿತೆರತೂರ್ನಯಾ ಗಜೆತಾ' ಪತ್ರಿಕೆಯಲ್ಲಿ ಪ್ರಕಟವಾಗಿ ದೊಡ್ಡ ಗದ್ದಲವೆದ್ದಿತು. ಉಳಿದ ಭಾಗಗಳನ್ನೂ ಓದಿಕೊಳ್ಳಿ. ಅಂಗಡಿಯಲ್ಲಿ ಸರದಿ ನಿಂತ ಹೆಂಗಸರ ಬಗ್ಗೆ ಇರುವ ಮೂರನೆಯದು ನನ್ನನ್ನು ಮೊದಲನೆಯದಕ್ಕಿಂತ ಹೆಚ್ಚು ಕಲಕುತ್ತದೆ.

ಇಲ್ಲಿ ಗಾಯಕರ ಕಥೆಯನ್ನು ಬರೆದುಕೊಳ್ಳಿ. ಕೀವ್‌ನ ಗಾಯಕ ಬೊರಿಸ್ ಗ್ಮಿರ್ಯಾ ಹಾಡಲು ಒಪ್ಪಲಿಲ್ಲ. ವರ್ಷಗಳಿಂದ ಇವರ ಸಿಂಫನಿಗಳನ್ನು ನಡೆಸಿಕೊಟ್ಟ ಮ್ರಾವಿನ್‌ಸ್ಕಿ ಹಿಂದೆ ಸರಿದರು. ಇನ್ನೊಬ್ಬ ನಿರ್ದೇಶಕ ಕಿರಿಲ್ ಕೊಂದ್ರಾಶಿನ್ ಮುಂದೆ ಬಂದರು. 1962ರ ಡಿಸೆಂಬರ್ 18, ಪ್ರದರ್ಶನದ ದಿನವೇ, ಗೊತ್ತುಮಾಡಿದ್ದ ಗಾಯಕ ವಿಕ್ಟರ್ ನೆಚಿಪಾಯ್ಲೊಗೆ ಬಲ್ಶೊಯ್ ರಂಗಮಂದಿರದಿಂದ ದಿಢೀರ್ ಕರೆ ಬಂದು ಅವರು ಇಲ್ಲವಾದರು. ಬದಲಿ ಗಾಯಕ ವಿತಾಲಿ ಗ್ರೊಮಾದ್‌ಸ್ಕಿ ವೇದಿಕೆ ಹತ್ತಿದರು. ಮೊದಲ ಭಾಗವನ್ನು ಬಿಟ್ಟು ನುಡಿಸಲಾಗದೇ ಎಂದು ಕೊಂದ್ರಾಶಿನ್‌ಗೆ ಮಂತ್ರಿಯ ಫೋನ್ ಬಂತು, ಆಗದು ಎಂದರು. ಕಾರ್ಯಕ್ರಮದ ಹಾಳೆಯಲ್ಲಿ ಕವಿತೆಗಳನ್ನು ಅಚ್ಚು ಮಾಡಲಿಲ್ಲ. ಮಾಸ್ಕೋ ಸಂಗೀತ ವಿದ್ಯಾಲಯದ ದೊಡ್ಡ ಸಭಾಂಗಣ ಕಿಕ್ಕಿರಿದಿತ್ತು.

ಆಮೇಲೆ ಒತ್ತಡ ಬಂತು, ಯೆವ್ತುಶೆಂಕೊ ಮೊದಲ ಕವಿತೆಯ ಎಂಟು ಸಾಲು ಬದಲಿಸಿದರು. ನಾನೇ ಯಹೂದಿ, ಪ್ರಾಚೀನ ಈಜಿಪ್ಟಿನಲ್ಲಿ ಅಲೆಯುತ್ತಿದ್ದೇನೆ ಎಂಬ ಸಾಲುಗಳ ಜಾಗದಲ್ಲಿ, ಇಲ್ಲಿ ರಷ್ಯನ್ನರೂ ಉಕ್ರೇನಿಯನ್ನರೂ ಯಹೂದಿಗಳ ಜೊತೆ ಒಂದೇ ಮಣ್ಣಿನಲ್ಲಿ ಮಲಗಿದ್ದಾರೆ ಎಂಬುದು ಬಂತು. ಗುಂಡೇಟಿಗೆ ಸತ್ತ ಪ್ರತಿಯೊಬ್ಬ ಮುದುಕ ನಾನು, ಪ್ರತಿಯೊಂದು ಮಗು ನಾನು ಎಂಬಲ್ಲಿ ಫ್ಯಾಸಿಸಂಗೆ ಅಡ್ಡನಿಂತ ರಷ್ಯಾದ ಸಾಹಸ ಬಂತು. ಶೊಸ್ತಕೋವಿಚ್ ಸಂಗೀತವನ್ನು ಮುಟ್ಟಲಿಲ್ಲ, ತಮ್ಮ ಹಸ್ತಪ್ರತಿಯಲ್ಲಿ ಹೊಸ ಸಾಲುಗಳನ್ನು ಬರೆದುಕೊಳ್ಳಲಿಲ್ಲ. ಪ್ರದರ್ಶನ ನಡೆಯಬೇಕಾದರೆ ಹೊಸ ಸಾಲು ಹಾಡಬೇಕಾಯಿತು.

ಇದನ್ನು ಕಿವಿಯಿಂದಲೇ ಅಳೆಯಬಹುದು. 1962ರ ಡಿಸೆಂಬರ್‌ನ ಸಭಾಂಗಣ ಮುದ್ರಣ ಸಿಗುತ್ತದೆ, ಅದರಲ್ಲಿ ಮೂಲ ಸಾಲುಗಳಿವೆ. ಕೊಂದ್ರಾಶಿನ್ ಅವರೇ 1967ರಲ್ಲಿ ಆರ್ತುರ್ ಐಜೆನ್ ಜೊತೆ ಮಾಡಿದ ಮುದ್ರಣದಲ್ಲಿ ತಿದ್ದಿದ ಸಾಲುಗಳಿವೆ. ಕವಿತೆಯ ಎರಡೂ ಪಾಠಗಳನ್ನು ಮುಂದಿಟ್ಟುಕೊಂಡು ಮೊದಲ ಭಾಗವನ್ನು ಬೆನ್ನುಬೆನ್ನಿಗೆ ಕೇಳಿ. 'ನಾನು' ಎಂಬ ಪದಕ್ಕೆಂದು ಕಟ್ಟಿದ ಸ್ವರದ ಮೇಲೆ 'ಎಲ್ಲರೂ' ಎಂಬ ಭಾವ ಬಂದು ಕುಳಿತಾಗ ರಾಗ ಅದನ್ನು ಹೊರಲಾರದೆ ಒದ್ದಾಡುವುದು ಕೇಳಿಸುತ್ತದೆ.

ಸಾಕ್ಷಿಗಳನ್ನು ತೂಗುವುದು

ಓದುತ್ತ ಹೋದಂತೆ ಶೊಸ್ತಕೋವಿಚ್ ಹೀಗೆಂದರು, ಹಾಗೆಂದರು ಎಂಬ ಮಾತುಗಳು ರಾಶಿ ಬೀಳುತ್ತವೆ. ಪ್ರತಿಯೊಂದಕ್ಕೂ ಕೇಳಬೇಕಾದ್ದು: ಇದು ಯಾವ ದಿನ ಕಾಗದದ ಮೇಲೆ ಬಂತು? ನಾನು ಮೊದಲು ನಂಬುವುದು ಪತ್ರಗಳನ್ನು, ಅದರಲ್ಲೂ ಗ್ಲಿಕ್ಮನ್ ಅವರಿಗೆ ಬರೆದವನ್ನು. ಅವು 1993ರಲ್ಲಿ ಪ್ರಕಟವಾದವು. ಅಂಚೆಯಲ್ಲಿ ಯಾರೋ ಒಡೆದು ಓದುತ್ತಾರೆಂದು ತಿಳಿದೇ ಬರೆದ ಪತ್ರಗಳಾದ್ದರಿಂದ, ಅವುಗಳ ಅತಿಯಾದ ಹೊಗಳಿಕೆಯನ್ನು ನಿಧಾನವಾಗಿ ಓದಬೇಕು. ನಂತರ ಗಾಯಕರ, ಗೆಳೆಯರ ನೆನಪುಗಳು. ಕೊನೆಗೆ, 1979ರಲ್ಲಿ ನ್ಯೂಯಾರ್ಕ್‌ನಲ್ಲಿ ಸಂಗೀತ ಲೇಖಕ ಸೊಲೊಮನ್ ವೋಲ್ಕೊವ್ ಪ್ರಕಟಿಸಿದ, ಶೊಸ್ತಕೋವಿಚ್ ತಮಗೆ ಹೇಳಿ ಬರೆಸಿದ್ದು ಎಂದ ಆತ್ಮಕಥನ. ಸಂಯೋಜಕರ ಸಹಿ ಇದ್ದ ಪುಟಗಳಲ್ಲಿನ ಭಾಗಗಳು ಅವರ ಹಳೆಯ ಪ್ರಕಟಿತ ಲೇಖನಗಳಿಂದ ಬಂದವು ಎಂದು 1980ರಲ್ಲೇ ಲಾರೆಲ್ ಫೇ ತೋರಿಸಿದರು. ಅದನ್ನು ಓದಬೇಡಿ ಎನ್ನುವುದಿಲ್ಲ. ಹಾಡಿನ ಅರ್ಥಕ್ಕೆ ಅದೊಂದೇ ಆಧಾರವಾಗಿದ್ದರೆ ಪುಟದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ.

ಗಾಯಕಿ ಗಲೀನಾ ವಿಷ್ನೆವ್‌ಸ್ಕಯಾ ಅವರಿಗಾಗಿ 1960ರಲ್ಲಿ ಬರೆದ ಕವಿ ಸಾಶಾ ಚೋರ್ನಿಯ ವಿಡಂಬನೆಗಳು ಒಳ್ಳೆಯ ಪರೀಕ್ಷೆ. ಕವಿತೆಗಳು ಕ್ರಾಂತಿಪೂರ್ವದವು. ಅಧಿಕಾರಿಗಳು ತಡೆಯದಿರಲೆಂದು 'ಗತಕಾಲದ ಚಿತ್ರಗಳು' ಎಂಬ ಉಪಶೀರ್ಷಿಕೆ ಸೂಚಿಸಿದವಳು ತಾನು ಎಂದು ವಿಷ್ನೆವ್‌ಸ್ಕಯಾ ಬರೆದಿದ್ದಾರೆ. ನಂಬಲು ನನಗೆ ಅಡ್ಡಿಯಿಲ್ಲ. 'ಸಂತತಿ' ಎಂಬ ಹಾಡಿನಲ್ಲಿ, ನಮ್ಮ ಮಕ್ಕಳಾದರೂ ಸುಖವಾಗಿರುತ್ತಾರೆ ಎಂಬ ತಲೆಮಾರುಗಳ ಸಮಾಧಾನ ಸಾಕು, ಬದುಕಿರುವಾಗಲೇ ನನಗಿಷ್ಟು ಬೆಳಕು ಬೇಕು ಎನ್ನುತ್ತಾನೆ ಒಬ್ಬ. ಇಪ್ಪತ್ತು ವರ್ಷದಲ್ಲಿ ಕಮ್ಯುನಿಸಂ ಎಂದ ಪಕ್ಷದ ಕಾರ್ಯಕ್ರಮಕ್ಕೆ ಇದು ಉತ್ತರ ಎಂದು ನಮ್ಮ ಕೂಟದಲ್ಲಿ ಒಬ್ಬರು ಉತ್ಸಾಹದಿಂದ ಹೇಳಿದರು. ತಾರೀಖು ನೋಡಿದೆವು: ಹಾಡು ವೇದಿಕೆಗೆ ಬಂದದ್ದು 1961ರ ಫೆಬ್ರವರಿ 22, ಕಾರ್ಯಕ್ರಮ ಅಂಗೀಕಾರವಾದದ್ದು ಅಕ್ಟೋಬರ್. ಉತ್ತರ ಪ್ರಶ್ನೆಗಿಂತ ಮೊದಲು ಬರಲಾರದು. ಆದರೆ 1960ರಲ್ಲೇ ಶೊಸ್ತಕೋವಿಚ್ ಪಕ್ಷದ ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದರು. ಆ ಸಂಗತಿಯನ್ನು ಈ ಹಾಡಿನ ಪುಟದಲ್ಲಿ ಬರೆಯಲೇಬೇಕು.

ಕೊನೆಯ ಪುಟಗಳು

ಅಭ್ಯಾಸ ಕೈಗೆ ಹತ್ತಿದ ಮೇಲೆ ಮೈಕೆಲ್ಯಾಂಜೆಲೊ ಕವಿತೆಗಳ ಗುಚ್ಛಕ್ಕೆ ಬನ್ನಿ. ಬಾಸ್ ಕಂಠ ಮತ್ತು ಪಿಯಾನೋಗಾಗಿ ಹನ್ನೊಂದು ಹಾಡುಗಳು, 1974ರ ಬೇಸಿಗೆಯಲ್ಲಿ ಬರೆದದ್ದು. 1475ರಲ್ಲಿ ಹುಟ್ಟಿದ ಮೈಕೆಲ್ಯಾಂಜೆಲೊನ ಐನೂರನೆಯ ವರ್ಷ ಬರುತ್ತಿತ್ತು, ಹಾಗಾಗಿ ಹೊರಗಿನ ಕಾರಣಕ್ಕೆ ಕೊರತೆಯಿಲ್ಲ. ಗುಚ್ಛದ ನಡುವೆ ಇಟಲಿಯ ಕವಿ ದಾಂತೆಯ ಬಗ್ಗೆ ಎರಡು ಹಾಡುಗಳು. ಎರಡನೆಯದರ ಹೆಸರು 'ದೇಶಭ್ರಷ್ಟನಿಗೆ'. ತನ್ನ ಶ್ರೇಷ್ಠ ಮಗನನ್ನು ಹೊರಗಟ್ಟಿದ ನಗರದ ಮೇಲಿನ ಸಿಟ್ಟು ಅದರಲ್ಲಿದೆ.

ನಿಮ್ಮ ಪುಟದಲ್ಲಿ ಇವನ್ನು ಬರೆದುಕೊಳ್ಳಿ. 1973ರ ಸೆಪ್ಟೆಂಬರ್‌ನಲ್ಲಿ ಸರ್ಕಾರವನ್ನು ಟೀಕಿಸುತ್ತಿದ್ದ ವಿಜ್ಞಾನಿ ಅಂದ್ರೆಯ್ ಸಖರೊವ್ ಅವರನ್ನು ಖಂಡಿಸುವ ಸಂಗೀತಗಾರರ ಪತ್ರ 'ಪ್ರಾವ್ದಾ'ದಲ್ಲಿ ಬಂತು, ಅದರ ಕೆಳಗೆ ಶೊಸ್ತಕೋವಿಚ್ ಹೆಸರಿತ್ತು. 1974ರ ಫೆಬ್ರವರಿಯಲ್ಲಿ ಲೇಖಕ ಅಲೆಕ್ಸಾಂದರ್ ಸೋಲ್ಜೆನಿತ್ಸಿನ್ ಅವರನ್ನು ದೇಶದಿಂದ ಹೊರಹಾಕಿದರು. ಅವರಿಗೆ ಮನೆಯಲ್ಲಿ ಆಶ್ರಯ ಕೊಟ್ಟಿದ್ದ ಚೆಲ್ಲೊ ವಾದಕ ಮ್ಸ್ತಿಸ್ಲಾವ್ ರೊಸ್ತ್ರೊಪೊವಿಚ್ ಮೇ ತಿಂಗಳಲ್ಲಿ ಹೊರಟರು. ಪತ್ನಿ ವಿಷ್ನೆವ್‌ಸ್ಕಯಾ ಜುಲೈನಲ್ಲಿ. ಜುಲೈನಲ್ಲೇ ಈ ಹಾಡು. ಈ ತಾರೀಖುಗಳಲ್ಲಿ ಒಂದನ್ನು ಬಿಟ್ಟರೂ ಪುಟ ಸುಳ್ಳಾಗುತ್ತದೆ. ಸೆಪ್ಟೆಂಬರ್ ಬಿಟ್ಟರೆ ಅವರು ನಿಷ್ಕಳಂಕ ವೀರ, ಜುಲೈ ಬಿಟ್ಟರೆ ಬರಿಯ ಸಹಿದಾರ.

ಮೊದಲು ಯೆವ್ಗೆನಿ ನೆಸ್ತೆರೆಂಕೊ ಹಾಡಿರುವ ಮುದ್ರಣ ಹುಡುಕಿ. 1974ರ ಡಿಸೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಗುಚ್ಛವನ್ನು ಮೊದಲು ಹಾಡಿದವರು ಅವರೇ. ಪಿಯಾನೋ ರೂಪದಲ್ಲಿ ಒಂದು ಸಲ, ವಾದ್ಯವೃಂದದಲ್ಲಿ ಇನ್ನೊಂದು ಸಲ, ನಡುವೆ ಒಂದೆರಡು ದಿನ ಬಿಡಿ. 'ಅಮರತ್ವ' ಎಂಬ ಕೊನೆಯ ಹಾಡು ಬಂದಾಗ ಗೊಂದಲಪಡಬೇಡಿ: ಅಷ್ಟು ಹೊತ್ತಿನ ಗಾಂಭೀರ್ಯದ ನಂತರ ಮಕ್ಕಳು ಹಾಡಿಕೊಳ್ಳುವಂಥ ಲಘು ರಾಗವೊಂದು ಶುರುವಾಗುತ್ತದೆ. ಅದು ಅವರು ಬಾಲ್ಯದಲ್ಲಿ ಕಟ್ಟಿದ ರಾಗ. ಹೀಗಾಗಿ ಆ ಹಾಡಿನ ಪುಟಕ್ಕೆ ಮೂರು ತಾರೀಖು ಸಾಲದು, ನಾಲ್ಕನೆಯದೊಂದನ್ನು ಸೇರಿಸಿಕೊಳ್ಳಿ.